ವಾಣಿಜ್ಯ ಬಾಡಿಗೆ ತಾಯ್ತನ (ಭಾರತ)

ಹಣ ಪಡೆದು ಬೇರೆಯವರಿಗಾಗಿ ಗರ್ಭ ಹೊತ್ತು ಮಗುವನ್ನು ಹೆತ್ತುಕೊಡುವ ವ್ಯವಸ್ಥೆ. ಗುಜರಾತಿನ ಆಣಂದ್ ಒಂದು ಕಾಲಕ್ಕೆ ಇದಕ್ಕೆ ಜಗತ್ತಿನಲ್ಲೇ ಹೆಸರಾಗಿತ್ತು. 2008ರಲ್ಲಿ ಜಪಾನಿನ ದಂಪತಿ ಮಗು ಹುಟ್ಟುವ ಮೊದಲೇ ಬೇರ್ಪಟ್ಟಾಗ ಶಿಶುವಿನ ವಿವಾದ ಸುಪ್ರೀಂ ಕೋರ್ಟ್ ಮುಟ್ಟಿ, ಕಾನೂನಿನ ಕೊರತೆ ಬಯಲಾಯಿತು. 2015ರಲ್ಲಿ ವಿದೇಶಿಯರಿಗೆ ಅವಕಾಶ ನಿಂತಿತು. 2022ರ ಜನವರಿ 25ರಂದು ಜಾರಿಯಾದ 2021ರ ಕಾಯ್ದೆ ವಾಣಿಜ್ಯ ರೂಪವನ್ನೇ ನಿಷೇಧಿಸಿತು. ವೈದ್ಯಕೀಯ ವೆಚ್ಚ, ವಿಮೆಯಂಥವುಗಳ ಹೊರತು ಪ್ರತಿಫಲವಿಲ್ಲದ ಪರೋಪಕಾರಿ ತಾಯ್ತನಕ್ಕಷ್ಟೇ ಅನುಮತಿ. ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದೊಳಗಿನವಳಾಗಿರಬೇಕು. ಅದೂ ಜೀವನದಲ್ಲಿ ಒಮ್ಮೆ ಮಾತ್ರ. ಬಡತನದಲ್ಲಿ ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬುದು ನಿಷೇಧದ ಪರವಾದ ಮುಖ್ಯ ವಾದ. ಟೀಕಾಕಾರರ ಆಕ್ಷೇಪವೂ ಹಗುರವಲ್ಲ: ವೈದ್ಯರಿಗೆ, ವಕೀಲರಿಗೆ ಶುಲ್ಕವುಂಟು, ಒಂಬತ್ತು ತಿಂಗಳು ಹೊತ್ತವಳ ದುಡಿಮೆಗೆ ಮಾತ್ರ ಬಿಡಿಗಾಸಿಲ್ಲ.