ಜೇಬಿನಲ್ಲಿದ್ದ ಕ್ಯಾಸೆಟ್

1982ರ ಜನವರಿ 3. ಅಮೆರಿಕದ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬ ಊರು. ಬಾಡಿಗೆ ಮನೆಯೊಂದರ ಮಲಗುವ ಕೋಣೆಯಲ್ಲಿ 32ರ ಹರೆಯದ ಗಾಯಕನೊಬ್ಬ ಗಿಟಾರ್ ಹಿಡಿದು ಕೂತಿದ್ದ. ಎದುರಿಗೆ ಎರಡು ಮೈಕು, ಪಕ್ಕದಲ್ಲಿ ಮಾಮೂಲಿ ಕ್ಯಾಸೆಟ್ ಹಾಕುವ ಒಂದು ಯಂತ್ರ. ಗಾಜಿನ ಗೋಡೆಯಿಲ್ಲ, ಅದರಾಚೆ ಸೌಂಡ್ ಎಂಜಿನಿಯರ್ ಇಲ್ಲ. ಗುಂಡಿ ಒತ್ತಲು ಇದ್ದದ್ದು ಅವನ ಗಿಟಾರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಸಹಾಯಕನೊಬ್ಬನೇ. ಮುಂದೆ ಆಲ್ಬಂ ಆಗಿ ಹೊರಬಂದ ಹಾಡುಗಳಲ್ಲಿ ಬಹುಪಾಲು ಆ ಒಂದೇ ದಿನ ರೆಕಾರ್ಡ್ ಆದವು.

ಗಾಯಕನ ಹೆಸರು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಅವನೇನೂ ಕೈಯಲ್ಲಿ ಕಾಸಿಲ್ಲದ ಹೊಸಬನಲ್ಲ. 1980ರ ‘ದ ರಿವರ್’ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಯಾವ ಸ್ಟುಡಿಯೋ ಬೇಕೆಂದರೂ ಬಾಗಿಲು ತೆರೆಯುತ್ತಿತ್ತು. ಆದರೆ ಸ್ಟುಡಿಯೋದಲ್ಲೇ ಕೂತು ಹಾಡು ಕಟ್ಟುವ ಅಭ್ಯಾಸದಿಂದ ತಿಂಗಳುಗಟ್ಟಲೆ ಸಮಯವೂ ಹಣವೂ ಕರಗುತ್ತಿದ್ದವು. ಈ ಸಲ ಮನೆಯಲ್ಲೇ ಕರಡು ಮಾಡಿ, ಹಾಡು ನಿಲ್ಲುತ್ತದೋ ಇಲ್ಲವೋ ನೋಡಿ, ಆಮೇಲೆ ತಂಡಕ್ಕೆ ಕಲಿಸೋಣ ಎಂಬುದು ಅವನ ಯೋಚನೆ. ಅಗ್ಗದ ಸಲಕರಣೆಯಲ್ಲಿ ಗಂಭೀರ ಧ್ವನಿಮುದ್ರಣ ಸಾಧ್ಯವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಈ ಕೋಣೆಯ ಹೆಸರು ಬರುತ್ತದೆ. ಆದರೆ ಅಲ್ಲಿ ನಡೆದದ್ದನ್ನು ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ.

ಆ ಯಂತ್ರ ಜಪಾನಿನ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ 144. 1979ರಲ್ಲಿ ಮಾರುಕಟ್ಟೆಗೆ ಬಂದಿತ್ತು, ಬೆಲೆ ಸಾವಿರ ಡಾಲರಿನ ಆಸುಪಾಸು. ಇಂದಿನ ಲೆಕ್ಕದಲ್ಲಿ ಅಗ್ಗವೆನಿಸದು, ಆದರೆ ಅಂದಿನ ಸ್ಟುಡಿಯೋ ಯಂತ್ರಗಳ ಮುಂದೆ ಅದು ಚಿಲ್ಲರೆ ಕಾಸು. ಅದರ ಒಳಗುಟ್ಟು ಸರಳವಾಗಿತ್ತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ‘ಎ’ ಮಗ್ಗುಲಿಗೆ ಎರಡು, ‘ಬಿ’ ಮಗ್ಗುಲಿಗೆ ಎರಡು, ಹೀಗೆ ನಾಲ್ಕು ಟ್ರ್ಯಾಕುಗಳಿರುತ್ತವೆ, ಅಂದರೆ ದನಿ ಬೇರೆ ಬೇರೆಯಾಗಿ ದಾಖಲಾಗುವ ದಾರಿಗಳು. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ, ಒಂದೇ ಹಾಡಿಗೆ ಬಳಸುತ್ತಿತ್ತು. ಜೊತೆಗೆ ಟೇಪನ್ನು ಇಮ್ಮಡಿ ವೇಗದಲ್ಲಿ, ಸೆಕೆಂಡಿಗೆ ಸುಮಾರು 9.5 ಸೆಂಟಿಮೀಟರಿನಂತೆ ಓಡಿಸುತ್ತಿತ್ತು. ಒಂದು ಗಂಟೆಯ ಕ್ಯಾಸೆಟ್ ಹಾಕಿದರೆ ಸಿಗುತ್ತಿದ್ದದ್ದು ಕಾಲು ಗಂಟೆ. ವೇಗ ಹೆಚ್ಚಿದಷ್ಟೂ ದನಿ ಸ್ಪಷ್ಟ, ಟೇಪು ಬೇಗ ಖಾಲಿ.

ನಾಲ್ಕು ಟ್ರ್ಯಾಕ್ ಎಂಬುದು ಕಡಿಮೆ ಎನಿಸಬಹುದು. ಆದರೆ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂ ಸಿದ್ಧವಾದದ್ದೂ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲೇ. ಅಂತರವಿದ್ದದ್ದು ಟೇಪಿನ ಅಗಲದಲ್ಲಿ. ಲಂಡನ್ನಿನ ಸ್ಟುಡಿಯೋದ ಸ್ಟೂಡರ್ ಯಂತ್ರದಲ್ಲಿ ಓಡುತ್ತಿದ್ದದ್ದು ಒಂದಿಂಚಿನ, ಅಂದರೆ 25.4 ಮಿಲಿಮೀಟರ್ ಅಗಲದ ಟೇಪು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕ್ಯಾಸೆಟ್ಟಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಅದರಲ್ಲಿ ನಾಲ್ಕು ಪಾಲು ಮಾಡಿದರೆ ಒಂದೊಂದಕ್ಕೆ ಬರುವುದು ಒಂದು ಮಿಲಿಮೀಟರಿಗಿಂತ ಕಿರಿದಾದ ದಾರಿ. ದಾರಿ ಕಿರಿದಾದಂತೆ ಟೇಪಿನದೇ ‘ಹಿಸ್’ ಎನ್ನುವ ಸದ್ದು ಹಾಡಿನ ಬೆನ್ನಿಗೇ ಕೇಳತೊಡಗುತ್ತದೆ. ಎಂಜಿನಿಯರುಗಳು ಕ್ಯಾಸೆಟ್ಟು ಕರಡಿಗೆ ಮಾತ್ರ ಸಾಕು ಎಂದದ್ದು ಬರೀ ದೊಡ್ಡಸ್ತಿಕೆಯಿಂದಲ್ಲ, ಈ ಲೆಕ್ಕದಿಂದ.

ಎರಡು ಮೈಕುಗಳೂ ಶ್ಯೂರ್ ಕಂಪನಿಯ ಎಸ್‌ಎಂ57. ಅದು 1965ರಿಂದ ತಯಾರಾಗುತ್ತಿದೆ, ಇಂದಿಗೂ ಸುಮಾರು 100 ಡಾಲರಿಗೆ ಸಿಗುತ್ತದೆ. ಅಮೆರಿಕದ ಅಧ್ಯಕ್ಷರು ಭಾಷಣ ಮಾಡುವ ಪೀಠದ ಮೇಲೆ ದಶಕಗಳಿಂದ ಇರುವುದೂ ಇದೇ. ಕೆಳಗೆ ಬಿದ್ದರೂ ಹಾಳಾಗದ ಗಟ್ಟಿ ಜೀವ. ಮೈಕಿನ ವಿಷಯದಲ್ಲಿ ಅಗ್ಗ ಎಂದರೆ ಕಳಪೆ ಎಂಬ ಮಾತು ಅಂದೂ ನಿಜವಾಗಿರಲಿಲ್ಲ.

ಸ್ಪ್ರಿಂಗ್‌ಸ್ಟೀನ್ ಒಂದು ಟ್ರ್ಯಾಕಿಗೆ ದನಿ, ಇನ್ನೊಂದಕ್ಕೆ ಗಿಟಾರ್ ಹಾಕಿ ಹಾಡಿದ. ಉಳಿದ ಎರಡರಲ್ಲಿ ಹಿಮ್ಮೇಳದ ದನಿ, ಇನ್ನೊಂದು ಗಿಟಾರ್, ಟಾಂಬೊರಿನ್ ಹೀಗೆ ಏನಾದರೊಂದು ಬರಬೇಕು. ಅಷ್ಟರಲ್ಲಿ ಜಾಗ ಮುಗಿಯಿತು. ನಂತರ ಎಕೋಪ್ಲೆಕ್ಸ್ ಎಂಬ ಪ್ರತಿಧ್ವನಿ ಪೆಟ್ಟಿಗೆಯ ಮೂಲಕ ಹಾಯಿಸಿ ಎಲ್ಲವನ್ನೂ ಬೆರೆಸಿದ್ದು ಒಂದು ಹಳೆಯ ಪ್ಯಾನಸೋನಿಕ್ ಟೇಪ್‌ರೆಕಾರ್ಡರಿಗೆ. ಅದು ಹಿಂದೊಮ್ಮೆ ನೀರಿಗೆ ಬಿದ್ದು, ಸತ್ತೇ ಹೋಯಿತು ಎನ್ನುವಾಗ ಮತ್ತೆ ಹಾಡತೊಡಗಿದ ಯಂತ್ರ. ಹೀಗೆ ಹುಟ್ಟಿದ ಕ್ಯಾಸೆಟ್ಟನ್ನು ಆತ ಡಬ್ಬಿಯೂ ಇಲ್ಲದೆ ಕೆಲವು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದ.

ವಸಂತದಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಇಡೀ ತಂಡ ಸೇರಿತು. ಡ್ರಮ್ಸ್ ಬಂತು, ಪಿಯಾನೋ ಬಂತು, ಹಾಡುಗಳು ಮಾತ್ರ ಕೈಗೆ ಸಿಗಲಿಲ್ಲ. ಅದೇ ಕ್ಯಾಸೆಟ್ಟಿನಲ್ಲಿದ್ದ ‘ಬಾರ್ನ್ ಇನ್ ದ ಯು.ಎಸ್.ಎ.’ ತಂಡದ ಕೈಯಲ್ಲಿ ಅರಳಿ 1984ರಲ್ಲಿ ಲೋಕ ಸುತ್ತಿತು. ಆದರೆ ಕೊಲೆಗಾರರು, ಕೆಲಸ ಕಳೆದುಕೊಂಡವರು, ರಾತ್ರಿ ದಾರಿಯಲ್ಲಿ ಒಬ್ಬಂಟಿಯಾಗಿ ಕಾರು ಓಡಿಸುವವರು ತಮ್ಮ ಕಥೆ ಹೇಳಿಕೊಳ್ಳುವ ಆ ಇತರ ಹಾಡುಗಳಿಗೆ ಸ್ಟುಡಿಯೋದ ಹೊಳಪು ಒಗ್ಗಲಿಲ್ಲ. ಒಂಟಿಯಾಗಿ ಕೂತು, ಯಾರೂ ಕೇಳುತ್ತಿಲ್ಲವೆಂದುಕೊಂಡು ಹಾಡಿದ ದನಿ ಮತ್ತೆ ಬರಲಿಲ್ಲ. ಕೊನೆಗೆ ಜೇಬಿನ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡುವುದೆಂದಾಯಿತು.

ಸಾಮಾನ್ಯವಾಗಿ ಬಿಟ್ಟುಹೋಗುವ ಅರ್ಧ ಇಲ್ಲಿಂದ ಶುರುವಾಗುತ್ತದೆ. ಆಗ ಆಲ್ಬಂ ಎಂದರೆ ಎಲ್‌ಪಿ ತಟ್ಟೆ. ಟೇಪಿನಲ್ಲಿರುವುದನ್ನು ಮೊದಲು ಮೆರುಗೆಣ್ಣೆಯ ತಟ್ಟೆಯ ಮೇಲೆ ಗೀರಾಗಿ ಕೊರೆಯಬೇಕು. ಎಡಬಲ ಚಾನೆಲ್ಲುಗಳ ಅಲೆಗಳು ಹೊಂದದಿದ್ದರೆ ಆ ಗೀರು ಅಕ್ಕಪಕ್ಕ ಬಳುಕುವ ಬದಲು ಮೇಲೆ ಕೆಳಗೆ ಕುಣಿಯುತ್ತದೆ, ಸೂಜಿ ದಾರಿ ತಪ್ಪುತ್ತದೆ. ಈ ಟೇಪಿನಲ್ಲಿ ಅಂಥ ತೊಂದರೆ ಬೇಕಾದಷ್ಟಿತ್ತು. ಪ್ರಯತ್ನಿಸಿದ ನುರಿತ ಎಂಜಿನಿಯರುಗಳು ಒಬ್ಬೊಬ್ಬರಾಗಿ ಕೈಚೆಲ್ಲಿದರು. ಬರೀ ಕ್ಯಾಸೆಟ್ಟಾಗಿ ಹೊರತರುವ ಮಾತೂ ಬಂದಿತ್ತು. ಕೊನೆಗೆ ಅಟ್ಲಾಂಟಿಕ್ ಸ್ಟುಡಿಯೋದಲ್ಲಿ ಡೆನಿಸ್ ಕಿಂಗ್ ಧ್ವನಿಯ ಮಟ್ಟವನ್ನು ಸಾಕಷ್ಟು ತಗ್ಗಿಸಿ ಕೊರೆದಾಗ ಸೂಜಿ ಗೀರಿನಲ್ಲೇ ನಿಂತಿತು. 1982ರ ಸೆಪ್ಟೆಂಬರ್ 30ರಂದು ‘ನೆಬ್ರಾಸ್ಕಾ’ ಬಿಡುಗಡೆಯಾಗಿ ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನದವರೆಗೆ ಏರಿತು. ಮುದ್ರಣದಲ್ಲಿ ಉಳಿದ ಹಣ ತುದಿಯಲ್ಲಿ ಶ್ರಮವಾಗಿ ವಸೂಲಾಗಿತ್ತು. ಆ ಶ್ರಮ ಪಟ್ಟವರು ದುಬಾರಿ ಕೋಣೆಗಳಲ್ಲಿ ಪಳಗಿದ ಕಿವಿಗಳು ಎಂಬುದನ್ನು ಮರೆತರೆ ಆ ಮಲಗುವ ಕೋಣೆಯ ಕಥೆ ಸುಳ್ಳಾಗುತ್ತದೆ.

ಆದರೂ ಬಾಗಿಲು ತೆರೆದಿತ್ತು. ಟೆಕ್ಸಸ್‌ನಲ್ಲಿ ಡೇನಿಯಲ್ ಜಾನ್‌ಸ್ಟನ್ ಎಂಬ ಗಾಯಕ 1983ರಲ್ಲಿ ಬರೀ ಟೇಪ್‌ರೆಕಾರ್ಡರಿನಲ್ಲಿ ‘ಹಾಯ್, ಹೌ ಆರ್ ಯು’ ಮುದ್ರಿಸಿ, ಕ್ಯಾಸೆಟ್ಟುಗಳನ್ನು ಆಸ್ಟಿನ್‌ನಲ್ಲಿ ಕೈಯಾರೆ ಹಂಚಿದ. ‘ಗೈಡೆಡ್ ಬೈ ವಾಯ್ಸಸ್’ ತಂಡದ 1994ರ ‘ಬೀ ಥೌಸಂಡ್’ ಕೂಡ ಮನೆಯ ಸಲಕರಣೆಗಳ ಕೂಸು. 2006ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ಕಾಡುಮನೆಯೊಂದರಲ್ಲಿ ಜಸ್ಟಿನ್ ವೆರ್ನನ್ ‘ಬಾನ್ ಇವೇರ್’ ಹೆಸರಿನ ಮೊದಲ ಆಲ್ಬಂ ಹಾಡಿದ್ದೂ ಎಸ್‌ಎಂ57 ಮುಂದೆಯೇ, ಆ ಹೊತ್ತಿಗೆ ಕ್ಯಾಸೆಟ್ಟಿನ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು.

ಇದೇ ಕ್ಯಾಸೆಟ್ಟು ಕರ್ನಾಟಕದ ಕರಾವಳಿಯಲ್ಲಿ ಇನ್ನೊಂದು ಬಗೆಯ ಕೆಲಸ ಮಾಡಿತು. ಯಕ್ಷಗಾನದ ಮಾತುಗಾರಿಕೆಯ ರೂಪವಾದ ತಾಳಮದ್ದಳೆಯಲ್ಲಿ ಮಾತು ಅಲ್ಲಲ್ಲೇ ಹುಟ್ಟುತ್ತದೆ, ಬರೆದಿಟ್ಟ ಪಾಠವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಇಂದಿನವರು ಕೇಳಲು ಸಾಧ್ಯವಾಗಿರುವುದರಲ್ಲಿ ಆ ಕಾಲದ ಕ್ಯಾಸೆಟ್ಟುಗಳ ಪಾಲು ದೊಡ್ಡದು. ಚೆಂಡೆಯ ಪೆಟ್ಟಿಗೆ ದನಿ ಒಡೆಯುವ, ನಡುವೆ ಮಗ್ಗುಲು ಬದಲಿಸುವಾಗ ನಾಲ್ಕು ಮಾತು ನುಂಗಿಹೋಗುವ ಮುದ್ರಣವಾದರೂ ಅದಿಲ್ಲದಿದ್ದರೆ ಆ ವಾದ-ಪ್ರತಿವಾದ ಬೆಳಗಾಗುವಷ್ಟರಲ್ಲಿ ಗಾಳಿಯಲ್ಲಿ ಕರಗುತ್ತಿತ್ತು. ಅಲ್ಲಿ ಸಾಕೋ ಸಾಲದೋ ಎಂದು ಕೇಳಲು ಪುರುಸೊತ್ತೇ ಇರಲಿಲ್ಲ.

ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಈಗಿನ ಅಗ್ಗದ ಆಡಿಯೋ ಇಂಟರ್ಫೇಸು ಪೋರ್ಟಾಸ್ಟುಡಿಯೋವನ್ನು ಎಲ್ಲ ಅಳತೆಯಲ್ಲೂ ಮೀರಿಸುತ್ತದೆ. ಟೇಪಿನ ಸದ್ದಿಲ್ಲ, ಟ್ರ್ಯಾಕಿಗೆ ಮಿತಿಯಿಲ್ಲ. ಅಗ್ಗದ ಮುದ್ರಣ ಇಂದು ಎಡವುವುದು ಬೇರೆ ಕಡೆ: ದನಿಯನ್ನು ಬಡಿದು ವಾಪಸು ಕಳಿಸುವ ಬರಿಗೋಡೆಗಳಲ್ಲಿ, ಮಂದ್ರವನ್ನು ಇದ್ದಂತೆ ತೋರಿಸದ ಸ್ಪೀಕರುಗಳಲ್ಲಿ. ಸುಳ್ಳು ಹೇಳುವ ಸ್ಪೀಕರನ್ನು ನಂಬಿ ಬೆರೆಸಿದ ಹಾಡು ಬೇರೆಯವರ ಮನೆಯಲ್ಲಿ ಬೇರೆಯೇ ಆಗಿ ಕೇಳುತ್ತದೆ. ದುಬಾರಿ ಮೈಕಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ದಪ್ಪ ಕಂಬಳಿಗೆ, ಹೊರಗಿನ ಒಂದು ಒಳ್ಳೆಯ ಕಿವಿಗೆ ಕೊಟ್ಟರೆ ಫಲ ಹೆಚ್ಚು.

ಸ್ಪ್ರಿಂಗ್‌ಸ್ಟೀನ್ ಪವರ್ ಸ್ಟೇಷನ್‌ನಲ್ಲಿ ತಂಡದ ಜೊತೆ ನುಡಿಸಿ ಕೈಬಿಟ್ಟ ಮುದ್ರಣಗಳು 2025ರಲ್ಲಿ ಹೊರಬಂದವು. ‘ನೆಬ್ರಾಸ್ಕಾ’ದ ‘ಅಟ್ಲಾಂಟಿಕ್ ಸಿಟಿ’ ಹಾಡನ್ನು ಈಗ ಎರಡೂ ರೂಪದಲ್ಲಿ ಬೆನ್ನುಬೆನ್ನಿಗೆ ಕೇಳಬಹುದು. ಒಂದರಲ್ಲಿ ಪೂರ್ತಿ ತಂಡದ ಅಬ್ಬರ. ಇನ್ನೊಂದರಲ್ಲಿ ಮನೆಯ ಕೋಣೆ, ಒಬ್ಬ ಮನುಷ್ಯ, ತನ್ನದೇ ದನಿಗೆ ತಾನೇ ಕೂಡಿಸಿದ ಹಿಮ್ಮೇಳ.