ವಾದವನ್ನು ಬರೆದಿಟ್ಟವರು

ಗದಗಿಗೆ ಹೊಂದಿಕೊಂಡಿರುವ ಬೆಟಗೇರಿಯಲ್ಲಿ ಕುಣಿಮಗ್ಗದ ಸದ್ದು ಓಣಿಯಿಂದ ಓಣಿಗೆ ಕೇಳಿಬರುತ್ತಿದ್ದ ಕಾಲದಲ್ಲಿ, ನೇಕಾರನ ಕೂಲಿಯ ತಕರಾರಾಗಲಿ, ಸೊಸೆಯನ್ನು ತವರಿಗೆ ಅಟ್ಟಿದ ತಂಟೆಯಾಗಲಿ, ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಊರ ಹಿರಿಯರ ಸಭೆಯಾದ ದೈವದವರ ಮುಂದೆ ಬರುವುದು ವಾಡಿಕೆಯಾಗಿತ್ತು. ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸುವರು; ಎಲೆ-ಅಡಿಕೆಯ ತಟ್ಟೆ ಹಿರಿಯರ ನಡುವೆ ಒಂದು ಸುತ್ತು ಬರುವುದು; ಫಿರ್ಯಾದಿಯು ಹೆಗಲ ವಸ್ತ್ರವನ್ನು ಕೈಗೆ ತೆಗೆದುಕೊಂಡು “ದೈವದಾಗ ಒಂದ್ ಮಾತ್ ಅರಿಕಿ ಮಾಡ್ಕೋತೀನ್ರೀ” ಎಂದು ಆರಂಭಿಸಿದರೆ, ಎದುರಾಳಿಯು “ಹಿಂದ ನಿಮ್ಮ ಹಿರ್ಯಾರು ಹಿಂಗ ನ್ಯಾಯಾ ಹರದಿಲ್ಲೇನ್ರೀ ಯಪ್ಪಾ?” ಎಂದು ಹಳೆಯ ಪೂರ್ವನಿದರ್ಶನವೊಂದನ್ನು ಎಳೆದು ತರುವನು. ಅಂಥ ವಾದಗಳು ಬಹುತೇಕ ಗಾಳಿಗೆ ಹೋದುವು. ಕಾಗದಕ್ಕೋ ಕಲ್ಲಿಗೋ ಏರಿದುವು ಕೆಲವೇ. ಏರಿದವುಗಳಲ್ಲಿಯೂ, ಬರೆದವನು ಎಲ್ಲಿ ನಿಂತು ಬರೆದನೆಂಬುದನ್ನು ಕೇಳದೆ ಓದಿದರೆ ಚರಿತ್ರಕಾರನು ಮೋಸಹೋಗುವುದು ನಿಶ್ಚಯ.

ಈ ಸೀಮೆಗೆ ಸಂಬಂಧಿಸಿದ ಅತ್ಯಂತ ಪ್ರಸಿದ್ಧ ವಾದವು ಕಲ್ಲಿನ ಮೇಲಿದೆ. ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯ ಸೋಮನಾಥನ ಅಪ್ಪಣೆಯನ್ನು ಹೊತ್ತು ಅಬ್ಬಲೂರಿಗೆ ಹೋದ ಶಿವಭಕ್ತ ಏಕಾಂತದ ರಾಮಯ್ಯನು ಅಲ್ಲಿಯ ಜೈನರೊಡನೆ ತಲೆಯನ್ನೇ ಪಣವಾಗಿಟ್ಟು ವಾದ ಹೂಡಿದ ವೃತ್ತಾಂತವನ್ನು, ಸುಮಾರು 1200ರ ಅಬ್ಬಲೂರಿನ ಶಾಸನವು ಸವಿಸ್ತಾರವಾಗಿ ಹೇಳುವುದು. ಶಾಸನತಜ್ಞ ಫ್ಲೀಟನು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದನು. ಕಡಿದ ತಲೆ ಮತ್ತೆ ಕೂಡಿಕೊಂಡ ಪವಾಡವನ್ನು ನಂಬುವವರು ನಂಬಲಿ. ನನಗೆ ಅದಕ್ಕಿಂತ ಕುತೂಹಲಕರವಾಗಿ ತೋರುವುದು ಅದರೊಳಗಿನ ಓಲೆಯ ಪ್ರಸಂಗ. ಸೋತರೆ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸುವೆವೆಂದು ಪ್ರತಿಪಕ್ಷದವರಿಂದ ರಾಮಯ್ಯನು ಮೊದಲೇ ಓಲೆ ಬರೆಸಿಕೊಂಡಿದ್ದನು. ವ್ಯಾಜ್ಯವು ದೊರೆ ಬಿಜ್ಜಳನ ಮುಂದೆ ಹೋದಾಗ ರಾಮಯ್ಯನು ಮುಂದೆ ಹಿಡಿದುದು ಆ ಓಲೆಯನ್ನೇ. ಕಡೆಗೆ ದೊರೆಯು ಕೊಟ್ಟುದೂ ಜಯಪತ್ರವೆಂಬ ಮತ್ತೊಂದು ಬರಹ. ಬಾಯಿಮಾತಿನ ವಾದವು ಆದಿಯಲ್ಲಿಯೂ ಅಂತ್ಯದಲ್ಲಿಯೂ ಲಿಪಿಗೆ ಶರಣಾಗಿರುವುದು ಇಲ್ಲಿ ಸ್ಪಷ್ಟವಾಗಿದೆ. ಆದರೆ ಜೈನರ ಕಡೆಯ ಮಾತು ನಮಗೆ ದೊರೆಯುವುದು ಗೆದ್ದವರ ಬಾಯಿಂದಲೇ. ಶಾಸನವೆಂಬುದು ತೀರ್ಪಿನ ನಂತರ ಬರುವ ವಸ್ತುವಷ್ಟೆ.

ಎರಡನೆಯ ದಾಖಲೆಯ ರಾಶಿ ಹುಟ್ಟಿದುದು ಬೆಟಗೇರಿಯಲ್ಲಿ. ಇರುವುದು ಮಾತ್ರ ಸ್ವಿಟ್ಜರ್ಲೆಂಡಿನಲ್ಲಿ. 1841ರಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದರು. ಸಂತೆ-ಜಾತ್ರೆಗಳಲ್ಲಿ ನಿಂತು ಉಪದೇಶಿಸುವುದು, ಕೇಳಿದವರ ಆಕ್ಷೇಪಗಳಿಗೆ ಉತ್ತರಿಸುವುದು, ನಡೆದುದನ್ನು ತಾಯ್ನಾಡಿನ ಸಮಿತಿಗೆ ವರದಿಯಾಗಿ ಕಳುಹಿಸುವುದು ಆ ಮಿಶನರಿಗಳ ಕರ್ತವ್ಯವಾಗಿತ್ತು. ಆ ಹಸ್ತಪ್ರತಿಗಳು ಬಾಸೆಲ್ ನಗರದ ಪತ್ರಾಗಾರದಲ್ಲಿ ಸುರಕ್ಷಿತವಾಗಿವೆ. ಎದುರಾಳಿಯನ್ನು ಗೆಲ್ಲಬೇಕಾದರೆ ಆತನ ಗ್ರಂಥಗಳನ್ನು ಓದಬೇಕು. ಅದೇ ಮಿಶನ್ನಿನ ವುರ್ಥ್ ಪಾದ್ರಿಗಳು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದುದು ಬೊಂಬಾಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಖಂಡಿಸುವ ಉದ್ದೇಶದಿಂದಲೇ ಆಗಲಿ, ಪ್ರತಿಪಕ್ಷದ ಮಾತನ್ನು ಮೊದಲು ಬರೆದು ಆಮೇಲೆ ಉತ್ತರ ಬರೆಯುವ ಪದ್ಧತಿಯು ಕಲ್ಲಿಗಿಂತ ಒಂದು ಹೆಜ್ಜೆ ಮುಂದಿನದು.

ಗೆಲ್ಲುವ ಹಂಬಲವಿಲ್ಲದೆ ವಾದವನ್ನು ಕೇಳಲು ಬಂದವರು ಮಾನವಶಾಸ್ತ್ರಜ್ಞರು. ಧಾರವಾಡ ಸೀಮೆಯಲ್ಲಿ ಅಧ್ಯಯನ ನಡೆಸಿದ ವಿಲಿಯಂ ಮೆಕಾರ್ಮಕ್ ಅವರು 1958ರಲ್ಲಿ ವೀರಶೈವ ಧರ್ಮದ ಸಂವಹನ ರೂಪಗಳನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದರು; ಹತ್ತು ವರ್ಷಗಳ ತರುವಾಯ ಧಾರವಾಡದ ಆಡುನುಡಿಗೂ ಕಸುಬಿಗೂ ವಾಸಸ್ಥಳಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಧರ್ಮವು ಏನು ಹೇಳುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವ ದಾರಿಯಿಂದ ಕಿವಿಗೆ ತಲಪುತ್ತದೆ ಎಂದು ಕೇಳಿದ ಬಗೆಯು ನಮ್ಮ ಪಂಡಿತರಿಗೆ ಅಪರಿಚಿತವಾಗಿದ್ದಿತು.

ಮೈಸೂರು ಕಡೆಯಲ್ಲಿ ಎಂ. ಎನ್. ಶ್ರೀನಿವಾಸರು ಜಗಳವನ್ನೇ ಅಧ್ಯಯನದ ವಸ್ತುವಾಗಿ ಮಾಡಿದರು. 1948ರಲ್ಲಿ, ತಾವು ರಾಮಪುರವೆಂದು ಹೆಸರು ಮರೆಸಿದ ಗ್ರಾಮದಲ್ಲಿ, ಗೌಡರಿಗೆ ಸೇರಿದ ಎತ್ತಿನ ಮನೆಯಲ್ಲಿ ಬಿಡಾರ ಹೂಡಿ ಅವರು ಕಂಡುಕೊಂಡುದೇನೆಂದರೆ, ಶಾಂತವಾಗಿರುವಾಗ ಎಷ್ಟು ಕೇಳಿದರೂ ಹೊರಬೀಳದ ಸಂಗತಿಗಳು ವ್ಯಾಜ್ಯ ಹುಟ್ಟಿದೊಡನೆ ತಾವಾಗಿಯೇ ಹೊರಬರುವುವು. ಜನರ ಸ್ಮರಣೆ ಕೆರಳುವುದು, ಹಳೆಯ ತೀರ್ಪುಗಳು ಉದ್ಧೃತವಾಗುವುವು. ಅಗಸರ ಕುಲವ್ಯಾಜ್ಯವೊಂದರ ಮೇಲೆ ಅವರು 1954ರಲ್ಲಿ ಪ್ರಬಂಧವನ್ನೇ ಬರೆದರು. ಬೆಟಗೇರಿಯ ದೈವದ ಕಲಾಪವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ, ಶಾಸ್ತ್ರವಾಗಿ ಹೇಳಿದುದು ಮಾತ್ರ ಹೊಸದು.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಡಲು, ವಿಂಗಡಿಸಿ ಸಿದ್ಧಪಡಿಸಿದ ರಾಮಪುರದ ಟಿಪ್ಪಣಿಗಳ ಮೂರು ಪ್ರತಿಗಳೂ ಬೆಂದುಹೋದುವು. ಮೂಲದ ಕ್ಷೇತ್ರಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದುವಾದರೂ, ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರ ಸಲಹೆಯಂತೆ ಶ್ರೀನಿವಾಸರು ನೆನಪನ್ನು ನೆಚ್ಚಿ ಬರೆದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂದಿತು. ಗೌಡರ ಆಶ್ರಯದಲ್ಲಿದ್ದು ಊರನ್ನು ನೋಡಿದ ತಮ್ಮ ದೃಷ್ಟಿಯು ಮೇಲುಜಾತಿಗಳವರ ದೃಷ್ಟಿಯೇ ಆಗಿದ್ದಿತೆಂಬುದನ್ನು ಅವರು ಮರೆಮಾಚಲಿಲ್ಲ.