ಸಸ್ಯ ಅಕ್ವೇರಿಯಂ: ಇಂಗಾಲದ ಡೈಆಕ್ಸೈಡ್ ಹಂಚಿಕೆ

ಅಕ್ವೇರಿಯಂನಲ್ಲಿ ಬೆಳೆಸಿದ ಜಲಸಸ್ಯಗಳಿಗೆ ಇಂಗಾಲದ ಡೈಆಕ್ಸೈಡ್ ಅತ್ಯಗತ್ಯ. ಗಾಳಿಯ ಸಂಪರ್ಕದಿಂದಷ್ಟೇ ನೀರಿಗೆ ದೊರೆಯುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂಗಿಂತಲೂ ಕಡಿಮೆ. ಸಸ್ಯಗಳು ದಟ್ಟವಾಗಿ ಬೆಳೆಯಲೆಂದು ಹವ್ಯಾಸಿಗಳು ಸಾಮಾನ್ಯವಾಗಿ 20ರಿಂದ 30 ಮಿಲಿಗ್ರಾಂ ಮಟ್ಟವನ್ನು ಕಾಯ್ದುಕೊಳ್ಳುತ್ತಾರೆ.

ಅನಿಲವನ್ನು ತೊಟ್ಟಿಗೆ ಬಿಟ್ಟ ಮಾತ್ರಕ್ಕೆ ಅದು ಎಲೆಗಳನ್ನು ತಲುಪದು. ನೀರಿನಲ್ಲಿ ಅದು ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ದೊಡ್ಡ ಗುಳ್ಳೆಗಳು ಕರಗುವ ಮೊದಲೇ ಮೇಲೇರಿ ಒಡೆಯುತ್ತವೆ. ಆದ್ದರಿಂದ ಸೆರಾಮಿಕ್ ಬಿಲ್ಲೆಯ ಡಿಫ್ಯೂಸರನ್ನು ತಳದ ಸಮೀಪ ಇರಿಸಿ, ಫಿಲ್ಟರಿನಿಂದ ಹೊರಬರುವ ನೀರು ಸೂಕ್ಷ್ಮ ಗುಳ್ಳೆಗಳನ್ನು ಸಸ್ಯಗಳತ್ತ ಒಯ್ಯುವಂತೆ ನೋಡಿಕೊಳ್ಳಬೇಕು. ಮೇಲ್ಮೈ ಅತಿಯಾಗಿ ಕದಡಿದರೆ ಅನಿಲ ವ್ಯರ್ಥವಾಗುತ್ತದೆ.

ಚಿಕ್ಕ ತೊಟ್ಟಿಯಲ್ಲಿ ಅನಿಲದ ಮಟ್ಟ ಬಹುಬೇಗ ಏರುವುದರಿಂದ ಮೀನುಗಳಿಗೆ ಅಪಾಯ ಹೆಚ್ಚು. ಅವು ಮೇಲ್ಮೈಗೆ ಬಂದು ಬಾಯ್ದೆರೆಯತೊಡಗಿದರೆ ಕೂಡಲೇ ಅನಿಲವನ್ನು ನಿಲ್ಲಿಸಿ ಗಾಳಿ ಪಂಪನ್ನು ಚಾಲನೆ ಮಾಡಬೇಕು. ಕತ್ತಲಲ್ಲಿ ಸಸ್ಯಗಳು ಈ ಅನಿಲವನ್ನು ಬಳಸುವುದಿಲ್ಲ, ಬದಲಿಗೆ ತಾವೇ ಹೊರಬಿಡುತ್ತವೆ. ಹಾಗಾಗಿ ದೀಪ ಆರಿಸುವ ಮುನ್ನವೇ ಪೂರೈಕೆ ನಿಲ್ಲಬೇಕು. ಸಕ್ಕರೆ ಮತ್ತು ಈಸ್ಟ್ ಬೆರೆಸಿದ ಬಾಟಲಿಯಿಂದ ಅನಿಲ ಪಡೆಯುವವರಿಗೆ ಈ ನಿಯಂತ್ರಣವಿಲ್ಲ. ಅಲ್ಲಿ ರಾತ್ರಿಯಿಡೀ ಗಾಳಿ ಪಂಪು ನಡೆಯುವುದೇ ಮೀನುಗಳಿಗೆ ರಕ್ಷಣೆ.